ನೀನಿಲ್ಲದ ಹೊಸತೊಡಕು

ಗೆಳೆಯಾ,

ಯುಗಾದಿಗೆ ನಿಮ್ಮ ಮನೆಗೆ ಹೋಗಿ ಬಂದೆ. ನಿನಗೆ ರಜೆ ಸಿಗಲಿಲ್ಲ, ‘ನೀನಾದ್ರೂ ಹೋಗಿ ಉಂಡು ಬಾ’ ಅಂತ ಕಳಿಸಿದವನು ನೀನೇ. ಫೋನಿನಲ್ಲಿ ‘ಚೆನ್ನಾಗಿತ್ತು ಕಣೋ’ ಅಂದುಬಿಟ್ಟರೆ ಸಾಕಾಗುವುದಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನಗೆ ಇದೆಲ್ಲ ಗೊತ್ತಿರುವುದೇ. ಆದರೆ ಕಾರ್ಕಳದ ನಮ್ಮ ಮನೆಯಲ್ಲಿ ಹೊಸ ವರ್ಷ ಅಂದರೆ ಏಪ್ರಿಲ್‌ನ ಬಿಸು. ಹೊಸತೊಡಕು ಅಂತ ಹಬ್ಬದ ಮಾರನೇ ದಿನ ಇಡೀ ಊರು ಬಾಡೂಟಕ್ಕೆ ಕೂರುವುದನ್ನು ನಾನು ಕಣ್ಣಾರೆ ನೋಡಿದ್ದು ಇದೇ ಮೊದಲು.

ಶನಿವಾರ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ, ವೀಳ್ಯದೆಲೆ ಕೊಂಡು ರೈಲು ಹತ್ತಿದೆ. ಪಾಂಡವಪುರದಲ್ಲಿ ನಿನ್ನ ತಮ್ಮ ಬೈಕ್ ತಂದು ಕಾಯುತ್ತಿದ್ದ. ನಾವು ಊರು ಸೇರುವ ಹೊತ್ತಿಗೆ ಕುಂತಿ ಬೆಟ್ಟದ ಮೇಲೆ ಸಂಜೆ ಬಿಸಿಲು. ನಿಮ್ಮವ್ವ ಹೂವು ಇಸ್ಕೊಂಡು ‘ಬಾ ಮಗ’ ಅಂದರು. ಅಷ್ಟೇ, ಆಮೇಲೆ ನನ್ನನ್ನು ಯಾರೂ ನೆಂಟನ ಹಾಗೆ ನೋಡಲಿಲ್ಲ.

ಭಾನುವಾರ ಎಣ್ಣೆ ಸ್ನಾನ, ಬೇವು ಬೆಲ್ಲ, ಒಬ್ಬಟ್ಟು. ಬೇಯಿಸಿದ ಬೇಳೆಗೆ ಬೆಲ್ಲ ಹಾಕಿ ಹೂರಣ ರುಬ್ಬುವ ಕೆಲಸ ನನ್ನ ಪಾಲಿಗೆ ಬಂತು. ಒರಳುಕಲ್ಲಿನಲ್ಲೇ ಆಗಬೇಕು ಅಂತ ನಿಮ್ಮಜ್ಜಿಯ ಹಟ. ಬೆಲ್ಲ ನಿಮ್ಮ ಪಕ್ಕದೂರಿನ ಆಲೆಮನೆಯದು, ಒಳ್ಳೆ ಕಂದು ಬಣ್ಣದ್ದು. ಮೈಸೂರಿನ ಅಂಗಡಿಯಲ್ಲಿ ನಾನು ಕೊಳ್ಳುವ ಹಳದಿ ಅಚ್ಚು ಇದರ ಹತ್ತಿರಕ್ಕೂ ಬರುವುದಿಲ್ಲ. ಬೇಳೆ ಬಸಿದ ಕಟ್ಟಿನಲ್ಲಿ ಮಾಡಿದ ಸಾರು ನನಗೆ ಒಬ್ಬಟ್ಟಿಗಿಂತ ಜಾಸ್ತಿ ಹಿಡಿಸಿತು. ‘ನಾಳೆ ಇನ್ನೂ ರುಚಿಯಾಗ್ತದೆ, ತಡಿ’ ಅಂದರು ಅವ್ವ. ಮಧ್ಯಾಹ್ನ ಗಂಡಸರೆಲ್ಲ ಅರಳಿಕಟ್ಟೆಯಲ್ಲಿ ಇಸ್ಪೀಟಿಗೆ ಕೂತರು. ನಾನು ಜಗುಲಿಯ ಮೇಲೆ ಮಲಗಿ ಸುಮ್ನೆ ನಿದ್ದೆ ಮಾಡಿದೆ. ಎಷ್ಟು ದಿನವಾಗಿತ್ತೋ ಅಂಥ ನಿದ್ದೆ ಬಂದು.

ಇನ್ನು ಸೋಮವಾರ. ಸೋಮವಾರ ಬಾಡು ಮುಟ್ಟದ ಮನೆಗಳು ಮಂಗಳವಾರಕ್ಕೆ ಇಟ್ಟುಕೊಂಡಿದ್ದವು, ನಿಮ್ಮ ಮನೆಯಲ್ಲಿ ಅವತ್ತೇ. ಇನ್ನೂ ಬೆಳಕು ಹರಿದಿರಲಿಲ್ಲ, ನಿಮ್ಮ ದೊಡ್ಡಪ್ಪ ಎಬ್ಬಿಸಿ ‘ಗುಡ್ಡೆ ಹಾಕೋದು ನೋಡ್ಬೇಕಾ, ಬಾ’ ಅಂದರು. ತೋಟದಲ್ಲಿ ತೆಂಗಿನ ಗರಿ ಹಾಸಿ, ಮೇಲೆ ಬಾಳೆ ಎಲೆ ಹರಡಿದ್ದರು. ವರ್ಷವಿಡೀ ಚೀಟಿ ಕಟ್ಟಿ, ಆ ದುಡ್ಡಿನಲ್ಲಿ ತಂದ ಕುರಿಗಳು. ತಕ್ಕಡಿ ಇಲ್ಲ, ತೂಕ ಇಲ್ಲ. ಚೀಟಿಯಲ್ಲಿ ಎಷ್ಟು ಹೆಸರೋ ಅಷ್ಟು ಗುಡ್ಡೆ. ದೊಡ್ಡಪ್ಪ ಕುಕ್ಕರಗಾಲಲ್ಲಿ ಕೂತು ಮೂಳೆ, ಮೆತ್ತನೆ ಮಾಂಸ, ಈಲಿ (ಲಿವರ್), ಬೋಟಿ (ಕರುಳು) ಎಲ್ಲವನ್ನೂ ಒಂದೊಂದು ಗುಡ್ಡೆಗೂ ಹಾಕುತ್ತಾ ಹೋದರು. ಹಾಕಿ ಮುಗಿದ ಮೇಲೆ ಎದ್ದು ನಿಂತು ಒಂದು ಸುತ್ತು ಬಂದರು. ಒಂದು ಗುಡ್ಡೆಯಿಂದ ಬೆರಳುದ್ದದ ಈಲಿ ಚೂರು ತೆಗೆದು ಇನ್ನೊಂದಕ್ಕೆ ಇಟ್ಟರು. ಮತ್ತೆ ಒಂದು ಸುತ್ತು. ಹತ್ತು ಎಕರೆಯವರಿಗೂ ಕೂಲಿಗೆ ಹೋಗುವವರಿಗೂ ಅಷ್ಟೇ ಪಾಲು. ಯಾರೂ ಕಮಕ್ ಕಿಮಕ್ ಅನ್ನಲಿಲ್ಲ. ನನಗೆ ಇಡೀ ಹಬ್ಬದಲ್ಲಿ ತುಂಬಾ ಇಷ್ಟವಾಗಿದ್ದು ಇದು ಕಣೋ. ದೊಡ್ಡಪ್ಪನ ಕಣ್ಣಳತೆಯ ಮೇಲೆ ಊರಿಗೆ ಊರೇ ಇಟ್ಟಿರುವ ನಂಬಿಕೆ ನೋಡಿ ಮೈ ಜುಮ್ಮೆಂದಿತು. ನಮ್ಮ ಕುರಿಗಳು ಬಂಡೂರಿನವೇ ಅಂತಲೂ ಅವರು ಹೆಮ್ಮೆಯಿಂದ ಹೇಳಿದರು. ಗಿಡ್ಡ ಕಾಲು, ತುಂಬಿದ ಮೈ, ಮಳವಳ್ಳಿ ತಾಲ್ಲೂಕಿನ ಆ ತಳಿಯ ರುಚಿಯ ಬಗ್ಗೆ ಮೈಸೂರಿನಲ್ಲಿ ಕೇಳಿದ್ದೆ, ತಿಂದಿರಲಿಲ್ಲ.

ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದೆವು. ಒಣಗಿದ ತೆಂಗಿನ ಮಟ್ಟೆ ಚುರುಚುರು ಹತ್ತಿಕೊಂಡಿತು. ಈರುಳ್ಳಿ, ಅರಿಶಿನ, ಉಪ್ಪು ಹಾಕಿ ಬಾಡನ್ನು ಅದರ ನೀರಿನಲ್ಲೇ ಹುರಿಯುವುದು ನಿಮ್ಮಪ್ಪನ ಕೆಲಸ. ನೀರೆಲ್ಲ ಇಂಗಿ ಜಿಡ್ಡು ಬಿಡುವ ತನಕ ಯಾರೂ ಪಾತ್ರೆ ಮುಟ್ಟುವಂತಿಲ್ಲ. ಅತ್ತ ಅವ್ವ ಮತ್ತು ನಿನ್ನ ತಂಗಿ ತೆಂಗಿನಕಾಯಿ, ಧನಿಯ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಗಸಗಸೆ, ಹುರಿಗಡಲೆ ಒಟ್ಟಿಗೆ ರುಬ್ಬುತ್ತಿದ್ದರು. ನಾನು ಬೆಳ್ಳುಳ್ಳಿ ಬಿಡಿಸುತ್ತಾ, ಒಲೆಗೆ ಮಟ್ಟೆ ತಳ್ಳುತ್ತಾ, ಅವರ ಮಾತು ಕೇಳುತ್ತಾ ಕೂತೆ. ಕೈ ತುಂಬ ಕೆಲಸ, ತಲೆಯಲ್ಲಿ ಒಂದೇ ಒಂದು ಚಿಂತೆ ಇಲ್ಲ. ಆಫೀಸಿನ ನೆನಪೇ ಬರಲಿಲ್ಲ.

ಮುದ್ದೆ ಮಾಡುವಾಗ ಮಾತ್ರ ಅಜ್ಜಿ ಯಾರನ್ನೂ ಹತ್ತಿರ ಸೇರಿಸಲಿಲ್ಲ. ಕುದಿಯುವ ಎಸರಿಗೆ ರಾಗಿ ಹಿಟ್ಟು ಸುರಿದು, ಕೋಲಿನಲ್ಲಿ ನಡುವೆ ತೂತು ಮಾಡಿ ಬೇಯಲು ಬಿಟ್ಟರು. ಆಮೇಲೆ ಪಾತ್ರೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು ತಿರುವಿದ ರಟ್ಟೆ ಬಲ ನೋಡಿ ನಾನು ಬೆರಗಾದೆ. ಒಂದು ಗಂಟೂ ಇರಲಿಲ್ಲ. ಊಟಕ್ಕೆ ಕೂತಾಗ ‘ಅಗೀಬ್ಯಾಡ ಮಗ, ನುಂಗು’ ಅಂದರು. ಸಾರಿನಲ್ಲಿ ಅದ್ದಿ ನುಂಗಿದೆ. ಬಿಸಿ ಗಂಟಲಿನಿಂದ ಹೊಟ್ಟೆಯವರೆಗೆ ಇಳಿಯುವುದು ಗೊತ್ತಾಗುತ್ತಿತ್ತು. ತಲೆಮಾಂಸ, ಬೋಟಿ ಗೊಜ್ಜು, ಹುರಿದ ಈಲಿ ಒಂದಾದ ಮೇಲೊಂದು ಬಂದವು. ‘ಸಾಕು’ ಅಂದಾಗೆಲ್ಲ ತಟ್ಟೆಗೆ ಇನ್ನೊಂದು ಸೌಟು ಬೀಳುತ್ತಿತ್ತು. ಅವತ್ತೇ ರಂಜಾನ್ ಕೂಡ ಅಲ್ವಾ, ಪಾಂಡವಪುರದಿಂದ ನಿಮ್ಮಪ್ಪನ ಸ್ನೇಹಿತರು ಡಬ್ಬಿ ತುಂಬ ಶಾವಿಗೆ ಪಾಯಸ ಕಳಿಸಿದ್ದರು. ಊಟದ ಕೊನೆಗೆ ಅದು.

ಒಂದು ಮಾತು ಹೇಳಲೇಬೇಕು. ಎಲ್ಲರಿಗೂ ಬಡಿಸಿ ಅವ್ವ ಕೊನೆಗೆ ಕೂತಾಗ, ‘ಅವನಿಗೆ ನಲ್ಲಿ ಮೂಳೆ ಅಂದ್ರೆ ಪ್ರಾಣ’ ಅಂದು ಸುಮ್ಮನಾದರು. ನಿನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ನನಗೆ.

ಸಂಜೆ ದೊಡ್ಡಪ್ಪ ಮುಂದಿನ ವರ್ಷದ ಚೀಟಿಗೆ ಹೊಸ ನೋಟ್‌ಬುಕ್ ತೆಗೆದರು. ನನ್ನ ಹೆಸರು ಬರೆಸಿದೆ. ‘ಅವನ್ದೂ ಬರೀಲಾ?’ ಅಂತ ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಅವ್ವ ‘ಬರ್ಕೊಳಿ’ ಅಂದರು. ಮೊದಲ ಕಂತು ನಾನು ಕಟ್ಟಿದ್ದೇನೆ, ಉಳಿದದ್ದು ನಿನ್ನದು. ಮುಂದಿನ ಯುಗಾದಿ 2026ರ ಮಾರ್ಚ್ 19, ಗುರುವಾರ. ಹೊಸತೊಡಕು ಶುಕ್ರವಾರ. ಶನಿವಾರ, ಭಾನುವಾರ ಹೇಗೂ ರಜೆ. ಈಗಲೇ ನಿಮ್ಮ ಆಫೀಸಿನಲ್ಲಿ ಹೇಳಿಡು.

ನಿನ್ನ ಗೆಳೆಯ