ಮ್ಯಾಟ್ ಗ್ಲೇಜ್ ಎಂದರೆ ಅರೆಬೆಂದ ಗ್ಲೇಜ್ ಅಲ್ಲ

ಮಾನ್ಯ ಸಂಪಾದಕರೇ,

ಕರಕುಶಲ ಮೇಳಗಳಲ್ಲೂ ಕಾಫಿ ಅಂಗಡಿಗಳಲ್ಲೂ ಹೊಳಪಿಲ್ಲದ ಮ್ಯಾಟ್ ಲೋಟ, ತಟ್ಟೆ, ಬಟ್ಟಲುಗಳು ಈಗ ಎದ್ದು ಕಾಣುತ್ತಿವೆ. ವಿದ್ಯುತ್ ಕಿಲ್ನ್ (ಪಾತ್ರೆ ಸುಡುವ ಗೂಡು) ಇರುವ ಸ್ಟುಡಿಯೊಗಳು ಇವನ್ನು ಸಾಮಾನ್ಯವಾಗಿ ಕೋನ್ 6ಕ್ಕೆ (ಕೋನ್ ಎಂದರೆ ನಿಗದಿತ ಶಾಖಕ್ಕೆ ಬಾಗಿ ಸುಡುವಿಕೆಯ ಮಟ್ಟ ತೋರಿಸುವ ಸಣ್ಣ ಶಂಕು, ಅದರ ಸಂಖ್ಯೆಯೇ ಅಳತೆ), ಅಂದರೆ ಕಾಯಿಸುವ ವೇಗವನ್ನು ಅನುಸರಿಸಿ ಸುಮಾರು 1,220ರಿಂದ 1,240 ಡಿಗ್ರಿ ಸೆಲ್ಸಿಯಸ್‌ಗೆ ಸುಡುತ್ತವೆ. ಹೊಳಪು ಇಲ್ಲದಿರಲು ಎರಡು ಕಾರಣಗಳಿರಬಹುದು. ಗ್ಲೇಜ್, ಅಂದರೆ ಪಾತ್ರೆಯ ಮೇಲಿನ ಗಾಜಿನಂಥ ಲೇಪ, ಪೂರ್ತಿ ಕರಗಿ, ಆರುವಾಗ ಅದರ ಮೈಮೇಲೆ ಅತಿ ಸಣ್ಣ ಹರಳುಗಳು ಕಟ್ಟಿರಬಹುದು. ಇಲ್ಲವೇ ಗ್ಲೇಜ್ ಸರಿಯಾಗಿ ಕರಗಿಯೇ ಇರಲಿಕ್ಕಿಲ್ಲ. ಅಂಗಡಿಯಲ್ಲಿ ನೋಡಿದರೆ ಎರಡೂ ಒಂದೇ. ಹುಣಸೆಹುಳಿಯ ಸಾರು, ಉಪ್ಪಿನಕಾಯಿ, ಅರಿಶಿನ ಬಿದ್ದಾಗ ಮಾತ್ರ ಎರಡನೆಯದರ ಬಣ್ಣ ಬಯಲಾಗುತ್ತದೆ: ಕಲೆ ಹೋಗುವುದಿಲ್ಲ, ಹುಳಿಗೆ ಮೈ ಸವೆಯುತ್ತದೆ, ಚಮಚ ತಾಗಿದಲ್ಲಿ ಬೂದು ಗೆರೆ ಉಳಿಯುತ್ತದೆ. ಹೊಳೆಯುವ ಗ್ಲೇಜನ್ನು ಎರಡು ಕೋನ್ ಕಡಿಮೆಗೆ ಸುಟ್ಟು ಅದನ್ನೇ ‘ಮ್ಯಾಟ್’ ಎಂದು ಊಟದ ಪಾತ್ರೆಯಾಗಿ ಮಾರುವುದು ತಪ್ಪು. ಸರಿಯಾದ ಮ್ಯಾಟ್ ಮಾಡುವುದು ಅಷ್ಟೇನೂ ಕಷ್ಟವಲ್ಲದ್ದರಿಂದಲೇ ಈ ಪತ್ರ.

ಮ್ಯಾಟ್ ಗ್ಲೇಜಿನ ಲೆಕ್ಕವೆಲ್ಲ ಸಿಲಿಕಾ ಮತ್ತು ಅಲ್ಯುಮಿನಾಗಳ ಅನುಪಾತದ ಸುತ್ತ ಇದೆ. ಇದನ್ನು ತೂಕದಲ್ಲಲ್ಲ, ಅಣುಸಂಖ್ಯೆಯಲ್ಲಿ ಲೆಕ್ಕ ಹಾಕಬೇಕು. ಅಮೆರಿಕದ ಪಿಂಗಾಣಿ ತಜ್ಞ ಆರ್. ಟಿ. ಸ್ಟಲ್ 1912ರಲ್ಲಿ ಪ್ರಕಟಿಸಿದ ನಕ್ಷೆಯಲ್ಲಿ ಅನುಪಾತ 5ರ ಹತ್ತಿರ ಇಲ್ಲವೇ ಅದಕ್ಕಿಂತ ಕೆಳಗಿದ್ದರೆ ಮ್ಯಾಟ್, 7–8ರ ಆಸುಪಾಸಿನಲ್ಲಿ ಹೊಳಪು. ಅವರು ಕೆಲಸ ಮಾಡಿದ್ದು ಹೆಚ್ಚಿನ ತಾಪದಲ್ಲಿ. ಕೋನ್ 6ರಲ್ಲಿ ಅದೇ ಅನುಪಾತ ಕರಗಬೇಕಾದರೆ ಸ್ವಲ್ಪ ಬೋರಾನ್ ಬೇಕು. ಫ್ಲಕ್ಸ್‌ಗಳ (ಕರಗಲು ನೆರವಾಗುವ ಪೊಟ್ಯಾಶ್, ಸೋಡಾ, ಸುಣ್ಣ, ಮೆಗ್ನೀಷಿಯಾದಂಥ ಆಕ್ಸೈಡ್‌ಗಳ) ಮೊತ್ತವನ್ನು 1 ಎಂದಿಟ್ಟುಕೊಂಡರೆ ಬೋರಾನ್ ಆಕ್ಸೈಡ್ 0.15ರಿಂದ 0.2ರಷ್ಟು ಸಾಕು. ಬೋರಾನ್ ಸಾಲದಿದ್ದರೆ ಗ್ಲೇಜ್ ಒರಟು, ಮಿತಿಮೀರಿದರೆ ಹೊಳಪು.

ಪರೀಕ್ಷೆ ಶುರು ಮಾಡಲು ಒಂದು ಮಿಶ್ರಣ ಹೀಗಿದೆ: ಪೊಟ್ಯಾಶ್ ಫೆಲ್ಡ್‌ಸ್ಪಾರ್ 30, ಕ್ಯಾಲ್ಸಿಯಂ-ಸೋಡಿಯಂ ಬೋರಾನ್ ಫ್ರಿಟ್ (ಮೊದಲೇ ಕರಗಿಸಿ ಪುಡಿ ಮಾಡಿದ ಗಾಜು, ಬೋರಾನ್ ಆಕ್ಸೈಡ್ ಸುಮಾರು ಶೇ 23 ಇರುವಂಥದ್ದು) 20, ಡಾಲಮೈಟ್ 15, ಟಾಲ್ಕ್ 8, ಚೈನಾ ಕ್ಲೇ 27. ಒಟ್ಟು 100. ಫೆಲ್ಡ್‌ಸ್ಪಾರ್ ಸಾಮಾನ್ಯ ಗುಣದ್ದಾಗಿದ್ದರೆ ಸಿಲಿಕಾ-ಅಲ್ಯುಮಿನಾ ಅನುಪಾತ 5ರ ಹತ್ತಿರ, ಬೋರಾನ್ ಸುಮಾರು 0.17, ಮೆಗ್ನೀಷಿಯಾ 0.38 ಬರುತ್ತದೆ. ಕೈಗೆ ನುಣುಪಾಗಿ ಹತ್ತುವ ಗುಣ ಬರುವುದು ಈ ಮೆಗ್ನೀಷಿಯಾದಿಂದಲೇ. ಚೈನಾ ಕ್ಲೇ 27 ಭಾಗ ಹಸಿಯಾಗಿಯೇ ಹೋದರೆ ಲೇಪ ಒಣಗುವಾಗ ಬಿರಿದು, ಸುಡುವಾಗ ಅಲ್ಲಲ್ಲಿ ಸರಿದು ಮಣ್ಣು ಕಾಣಿಸುತ್ತದೆ. ಆದ್ದರಿಂದ 12 ಭಾಗ ಹಸಿಯದನ್ನು ಇಟ್ಟುಕೊಂಡು, ಉಳಿದ 15 ಭಾಗವನ್ನು ಬಟ್ಟಲಲ್ಲಿ ಹಾಕಿ ಬಿಸ್ಕ್ (ಗ್ಲೇಜ್ ಹಚ್ಚುವ ಮುಂಚಿನ ಮೊದಲ ಸುಡುವಿಕೆ) ಜೊತೆಯಲ್ಲೇ ಸುಟ್ಟುಕೊಳ್ಳಬೇಕು. ಸುಟ್ಟಾಗ ನೀರಿನ ಅಂಶ ಹೋಗಿ ತೂಕ ಇಳಿಯುವುದರಿಂದ, ಸುಟ್ಟ ಪುಡಿಯನ್ನು 15ರ ಬದಲು 13 ಭಾಗ ತೂಗಿದರೆ ಸರಿ. 80 ಮೆಶ್ ಜರಡಿಯಲ್ಲಿ ಸೋಸಿ, 100 ಮಿಲಿ ಲೀಟರ್ ದ್ರಾವಣ 145 ಗ್ರಾಂ ಆಸುಪಾಸು ತೂಗುವಂತೆ ನೀರು ಹೊಂದಿಸಿ.

ತಿದ್ದುವಾಗ ಒಂದು ಬಾರಿಗೆ ಒಂದನ್ನೇ ಬದಲಿಸಿ. ಹೊಳಪು ಹೆಚ್ಚಾದರೆ ಅಲ್ಯುಮಿನಾ ಕೊಡುವ ಚೈನಾ ಕ್ಲೇಯನ್ನು ಮೂರು ಮೂರು ಭಾಗ ಏರಿಸಿ. ಒಣಕಲಾಗಿ, ಉಗುರು ಎಳೆದರೆ ಕಿರುಗುಟ್ಟುವಂತಿದ್ದರೆ ಮೊದಲು ಫ್ರಿಟ್ 3 ಭಾಗ ಹೆಚ್ಚಿಸಿ. ಕರಗುವುದು ಸಾಕಾಗಿದೆ, ಆದರೆ ಇನ್ನೂ ತುಸು ಮೆರುಗು ಬೇಕು ಎಂದಾದರೆ ಕ್ವಾರ್ಟ್ಜ್ ಪುಡಿ (ಸಿಲಿಕಾ) ಸೇರಿಸಿ: 5 ಭಾಗಕ್ಕೆ ಅನುಪಾತ ಸುಮಾರು 5.5, 10 ಭಾಗಕ್ಕೆ 6. ಊಟದ ತಟ್ಟೆಗೆ ಈ ಅರೆಮ್ಯಾಟ್ ಹಂತವೇ ಒಳ್ಳೆಯದು, ಚಮಚದ ಗೆರೆ ಕಡಿಮೆ. ಬಣ್ಣದ ಆಕ್ಸೈಡ್‌ಗಳೂ ಲೆಕ್ಕ ಕೆಡಿಸುತ್ತವೆ. ಕೋಬಾಲ್ಟ್, ತಾಮ್ರ, ಮ್ಯಾಂಗನೀಸ್ ತಾವೇ ಫ್ಲಕ್ಸ್‌ಗಳಾದ್ದರಿಂದ ಬಿಳಿ ಮ್ಯಾಟ್ ಆಗಿದ್ದದ್ದು ಅವು ಸೇರಿದಾಗ ಹೊಳೆಯಬಹುದು. ಮೆಗ್ನೀಷಿಯಾ ಹೆಚ್ಚಿರುವ ಗ್ಲೇಜಿನಲ್ಲಿ ಕೋಬಾಲ್ಟ್ ನೇರಳೆಗೆ ತಿರುಗುತ್ತದೆ ಎಂಬುದೂ ನೆನಪಿರಲಿ.

ಅನೇಕರು ಮಿಶ್ರಣವನ್ನೇ ತಿದ್ದುತ್ತಾ ಕೂರುತ್ತಾರೆ, ತೊಂದರೆ ಇರುವುದು ಆರಿಸುವುದರಲ್ಲಿ. ಸಕ್ಕರೆ ಪಾಕ ನಿಧಾನವಾಗಿ ಆರಿದರಷ್ಟೇ ಕಲ್ಲುಸಕ್ಕರೆ ಕಟ್ಟುವಂತೆ, ಗ್ಲೇಜಿನಲ್ಲೂ ಹರಳು ಕಟ್ಟಲು ಸಮಯ ಬೇಕು. ಚಿಕ್ಕ ಕಿಲ್ನ್ ಬೇಗ ಆರುತ್ತದೆ, ತುಂಬಿದ ದೊಡ್ಡ ಕಿಲ್ನ್ ನಿಧಾನ. ಪರೀಕ್ಷೆಯ ಬಿಲ್ಲೆಯಲ್ಲಿ ಹೊಳೆದ ಗ್ಲೇಜ್ ದೊಡ್ಡ ಕಿಲ್ನ್‌ನಲ್ಲಿ ಮ್ಯಾಟ್ ಆಗುವುದು ಇದರಿಂದಲೇ. ಕೋನ್ 6 ತಲುಪಿ 10 ನಿಮಿಷ ನಿಲ್ಲಿಸಿ, 1,100ರವರೆಗೆ ತಾನಾಗಿ ಇಳಿಯಲು ಬಿಟ್ಟು, ಅಲ್ಲಿಂದ 800ರವರೆಗೆ ಗಂಟೆಗೆ 80 ಡಿಗ್ರಿಯಂತೆ ಇಳಿಸಿದರೆ ಫಲ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಬರುತ್ತದೆ. ಮ್ಯಾಟ್ ಗ್ಲೇಜ್ ಕರಗಿದಾಗಲೂ ಸುಲಭವಾಗಿ ಹರಿಯದ ಕಾರಣ ಸೂಜಿರಂಧ್ರಗಳು ಮುಚ್ಚಿಕೊಳ್ಳದೆ ಉಳಿಯುವುದುಂಟು. ಗರಿಷ್ಠ ತಾಪದಿಂದ 50–60 ಡಿಗ್ರಿ ಇಳಿಸಿ ಅರ್ಧ ಗಂಟೆ ಹಿಡಿದರೆ ಬಹುಮಟ್ಟಿಗೆ ಮುಚ್ಚುತ್ತವೆ. ಕಂಟ್ರೋಲರ್ ತೋರಿಸುವ ಅಂಕಿಯನ್ನೇ ನಂಬಬೇಡಿ. ಕಿಲ್ನ್ ಒಳಗಿನ ತಾಪ ಅಳೆಯುವ ಥರ್ಮೋಕಪಲ್ ಹಳೆಯದಾದಂತೆ ತಪ್ಪು ಹೇಳುತ್ತದೆ, ಶೆಲ್ಫ್ ಮೇಲೆ ಕೋನ್ ಇಟ್ಟೇ ಸುಡಿ.

ಕೊಳ್ಳುವವರೂ ಮಾಡಬಹುದಾದ ಪರೀಕ್ಷೆಗಳಿವೆ. ಅಳಿಸಲಾಗದ ಮಾರ್ಕರ್‌ನಿಂದ ಗೆರೆ ಎಳೆದು ಸ್ಪಿರಿಟ್‌ನಲ್ಲಿ ಒರೆಸಿ. ಬಣ್ಣ ಒಳಗೆ ಉಳಿದರೆ ಮೈ ಮುಚ್ಚಿಲ್ಲ ಎಂದರ್ಥ. ನಿಂಬೆಹೋಳನ್ನು ಒಂದು ರಾತ್ರಿ ಕವುಚಿಟ್ಟು ಬೆಳಿಗ್ಗೆ ತೊಳೆದು ನೋಡಿ. ಬಣ್ಣ ಮಾಸಿದ್ದರೆ ಆ ಗ್ಲೇಜ್ ಊಟಕ್ಕೆ ಬೇಡ. ಮಾಸದಿದ್ದ ಮಾತ್ರಕ್ಕೆ ಸುರಕ್ಷಿತ ಎಂದು ಹೇಳಲಾಗದು, ಅದಕ್ಕೆ ಪ್ರಯೋಗಾಲಯವೇ ಬೇಕು. ಸೀಸ ಮತ್ತು ಕ್ಯಾಡ್ಮಿಯಂ ಸೋರಿಕೆ ಅಳೆಯುವ ಅಂತರರಾಷ್ಟ್ರೀಯ ಕ್ರಮದಲ್ಲಿ ಶೇ 4ರ ಅಸಿಟಿಕ್ ಆಮ್ಲವನ್ನು ಪಾತ್ರೆಯಲ್ಲಿ 24 ಗಂಟೆ ಇಟ್ಟು, ಆ ದ್ರವವನ್ನು ಪರೀಕ್ಷಿಸುತ್ತಾರೆ.

ಬೇರಿಯಂ ಕಾರ್ಬೊನೇಟ್ ಹಾಕಿದರೆ ಸುಂದರವಾದ ಮ್ಯಾಟ್ ಬರುತ್ತದೆ ನಿಜ. ಆದರೆ ಅದು ಇಲಿಪಾಷಾಣವಾಗಿಯೂ ಬಳಕೆಯಾದ ವಸ್ತು, ಹೊಟ್ಟೆಯ ಆಮ್ಲದಲ್ಲಿ ಕರಗುತ್ತದೆ. ಅದರ ಬದಲು ಸ್ಟ್ರಾಂಷಿಯಂ ಕಾರ್ಬೊನೇಟ್ ಹಾಕಿ: 100 ಗ್ರಾಂ ಬೇರಿಯಂ ಇದ್ದಲ್ಲಿ 75 ಗ್ರಾಂ. ಬಣ್ಣ ತುಸು ಬೇರೆಯಾಗಬಹುದು, ಆಗಲಿ. ತಾಮ್ರದ ಹಸಿರು ಮ್ಯಾಟ್ ಹೊರಮೈಗಷ್ಟೇ ಇರಲಿ, ಒಳಗೆ ಚೆನ್ನಾಗಿ ಕರಗಿದ, ಬಣ್ಣವಿಲ್ಲದ ಹೊಳಪು ಗ್ಲೇಜ್ ಹಚ್ಚಿ.

ಈ ಲೆಕ್ಕಗಳಿಗೆಲ್ಲ ಆಧಾರ ಕಚ್ಚಾವಸ್ತುವಿನ ಆಕ್ಸೈಡ್ ವಿಶ್ಲೇಷಣೆ. ಚಿಲ್ಲರೆಯಾಗಿ ಐದು, ಹತ್ತು ಕಿಲೋ ಕೊಳ್ಳುವವರ ಕೈಗೆ ಸಿಗುವುದು ‘ಫೆಲ್ಡ್‌ಸ್ಪಾರ್’ ಎಂದಷ್ಟೇ ಬರೆದ ಚೀಲ ಇಲ್ಲವೇ ಬರೀ ಸಂಖ್ಯೆಯಿರುವ ಫ್ರಿಟ್. ಅದರೊಳಗೆ ಪೊಟ್ಯಾಶ್ ಎಷ್ಟು, ಸೋಡಾ ಎಷ್ಟು, ಬೋರಾನ್ ಎಷ್ಟು ಎಂದು ತಿಳಿಯದೆ ಅನುಪಾತ ಹೇಗೆ ಹಾಕುವುದು? ಗಣಿಯಿಂದ ಗಣಿಗೆ ಫೆಲ್ಡ್‌ಸ್ಪಾರ್ ಬದಲಾಗುತ್ತದೆ. ಹೊಸ ಚೀಲ ಬಂದಾಗ ಹಳೆಯ ಮ್ಯಾಟ್ ಕೈಕೊಡುವುದು ಹೆಚ್ಚಾಗಿ ಇದರಿಂದಲೇ. ಮಾರಾಟಗಾರರು ಪ್ರತಿ ಚೀಲದ ಮೇಲೂ ಬ್ಯಾಚ್ ಸಂಖ್ಯೆ ಮತ್ತು ವಿಶ್ಲೇಷಣೆಯನ್ನು ಮುದ್ರಿಸಬೇಕು. ಮೇಳಗಳನ್ನು ಏರ್ಪಡಿಸುವವರು ಪ್ರತಿ ಮ್ಯಾಟ್ ಪಾತ್ರೆಗೂ ‘ಊಟಕ್ಕೆ’ ಅಥವಾ ‘ಅಲಂಕಾರಕ್ಕೆ ಮಾತ್ರ’ ಎಂಬ ಚೀಟಿಯನ್ನು ಕಡ್ಡಾಯ ಮಾಡಬೇಕು. ಖಾನಾಪುರದ ಗ್ರಾಮೀಣ ಕುಂಬಾರಿಕೆ ಸಂಸ್ಥೆಯಂಥ ತರಬೇತಿ ಕೇಂದ್ರಗಳು ಈ ಲೆಕ್ಕವನ್ನು ಕನ್ನಡದಲ್ಲಿ ಕಲಿಸುವ ಎರಡು ಮೂರು ದಿನಗಳ ಶಿಬಿರ ನಡೆಸಿದರೆ, ಹಳ್ಳಿಯ ಕುಂಬಾರರಿಗೂ ನಗರದ ಸ್ಟುಡಿಯೊಗಳಿಗೂ ಅನುಕೂಲ.

ಇಂತಿ,
ಪಿಂಗಾಣಿ ಕೆಲಸದಲ್ಲಿರುವ ಓದುಗರು, ಬೆಂಗಳೂರು