ನಾಯಿಮರಿ ಲಸಿಕೆ ಇನ್ನು ಕೈಗೆ ಕೊಡುವುದಿಲ್ಲ: ಯಾಕೆ, ಮುಂದೇನು

ಪ್ರಿಯ ಸದಸ್ಯರೇ, ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಸಂಘದ ಮಳಿಗೆಯಲ್ಲಿ ನಾಯಿಮರಿಗಳ ಲಸಿಕೆಯನ್ನು ಕೌಂಟರಿನಲ್ಲಿ ಮಾರುವುದನ್ನು ನಿಲ್ಲಿಸುತ್ತಿದ್ದೇವೆ. ಫ್ರಿಜ್ ಇರುತ್ತದೆ, ಅದರಲ್ಲಿ ಲಸಿಕೆಯೂ ಇರುತ್ತದೆ. ಆದರೆ ಹಾಕುವುದು ಪಶುವೈದ್ಯರು. ವಾರಕ್ಕೆ ಎರಡು ದಿನ ಅವರು ಮಳಿಗೆಗೆ ಬರುತ್ತಾರೆ. ಮರಿಯನ್ನು ಕರೆತರಲು ಆಗದವರ ಮನೆಗೂ ಹೋಗುತ್ತಾರೆ.

“ಇಷ್ಟು ದಿನ ನಾವೇ ಹಾಕಿಕೊಂಡು ಬಂದಿಲ್ವಾ, ಏನಾಯ್ತು?” ಎಂದು ಕೆಲವರು ಈಗಾಗಲೇ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಸೂಜಿ ಚುಚ್ಚುವುದು ಅಂಥಾ ದೊಡ್ಡ ವಿದ್ಯೆಯೇನಲ್ಲ. ಕತ್ತಿನ ಹಿಂದಿನ ಸಡಿಲ ಚರ್ಮವನ್ನು ಎತ್ತಿ ಹಿಡಿದು ಅದರಡಿಗೆ ಔಷಧಿ ಬಿಡುವುದನ್ನು ಯಾರು ಬೇಕಾದರೂ ಕಲಿಯಬಹುದು. ಮರಿ ಮಾಡಿಸುವ ನಮ್ಮ ಕೆಲವು ಸದಸ್ಯರ ಕೈ ಚೆನ್ನಾಗಿಯೇ ಪಳಗಿದೆ. ನಮ್ಮ ಚಿಂತೆ ಸೂಜಿಯದ್ದಲ್ಲ. ಅದಕ್ಕೆ ಮುಂಚೆ ಏನಾಗಿರುತ್ತದೆ, ಆಮೇಲಿನ ಅರ್ಧ ಗಂಟೆಯಲ್ಲಿ ಏನಾಗಬಹುದು ಎನ್ನುವುದರದ್ದು.

ಮೊದಲು ಸೀಸೆಯ ವಿಷಯ. ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್ ಎಂಬ ನಾಯಿಗಳ ವೈರಸ್ ರೋಗಗಳನ್ನು ತಡೆಯುವ ಲಸಿಕೆಯಲ್ಲಿ ಸಾಮಾನ್ಯವಾಗಿ ಇರುವುದು ಶಕ್ತಿ ಕುಂದಿಸಿದ ಜೀವಂತ ವೈರಸ್. ಸೀಸೆಯ ತಳದಲ್ಲಿ ಒಣಗಿದ ಬಿಳಿ ಬಿಲ್ಲೆ ಕಾಣುತ್ತದಲ್ಲ, ಅದೇ. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇಡಬೇಕು. ನಮ್ಮ ಫ್ರಿಜ್‌ನಲ್ಲಿ ಥರ್ಮಾಮೀಟರ್ ಇದೆ. ಮಳಿಗೆಯ ಬಾಗಿಲು ದಾಟಿದ ಮೇಲೆ ಸೀಸೆ ಎಷ್ಟು ಹೊತ್ತು ಬಿಸಿಲಲ್ಲಿ ನಿಂತ ಕಾರಿನಲ್ಲಿತ್ತು, ಯಾರ ಜೇಬಿನಲ್ಲಿತ್ತು ಎಂದು ಯಾರಿಗೆ ಗೊತ್ತು? ಕೆಟ್ಟ ಹಾಲು ಒಡೆದು ತೋರಿಸುತ್ತದೆ. ಕೆಟ್ಟ ಲಸಿಕೆ ಏನೂ ತೋರಿಸುವುದಿಲ್ಲ, ಹಾಗೇ ಬೆಳ್ಳಗಿರುತ್ತದೆ, ಹಾಗೇ ಕರಗುತ್ತದೆ. ಕರಗಿಸಿದ ಮೇಲೆ ಕೂಡಲೇ ಕೊಡಬೇಕು, ಸಂಜೆಗೆ ಅಂತ ಇಟ್ಟರೆ ಕೆಲಸಕ್ಕೆ ಬಾರದು. ಮರಿ ಸಣ್ಣದು ಅಂತ ಒಂದು ಡೋಸನ್ನು ಎರಡು ಮರಿಗೆ ಹಂಚುವವರೂ ಇದ್ದಾರೆ. ಲಸಿಕೆ ತೂಕದ ಲೆಕ್ಕದಲ್ಲಿ ಕೊಡುವ ಔಷಧಿಯಲ್ಲ. ಹಂಚಿದರೆ ಎರಡಕ್ಕೂ ರಕ್ಷಣೆ ಸಿಗದೇ ಹೋಗಬಹುದು.

ಇನ್ನೊಂದು ಸಣ್ಣ ಸಂಗತಿ. ಮರಿ ಒದ್ದಾಡುವಾಗ ಸೂಜಿ ಎತ್ತಿದ ಚರ್ಮದ ಈ ಕಡೆ ಹೊಕ್ಕು ಆ ಕಡೆ ಹೊರಗೆ ಬಂದುಬಿಡುತ್ತದೆ. ಔಷಧಿಯೆಲ್ಲ ಕೂದಲಿಗೆ. ದಟ್ಟ ಕೂದಲಿನ ಮರಿಯಾದರೆ ಕಣ್ಣಿಗೆ ಕಾಣುವುದೇ ಇಲ್ಲ, ಬೆರಳಿಟ್ಟು ಮುಟ್ಟಿದರೆ ಮಾತ್ರ ಒದ್ದೆ. ಮನೆಯವರು ಲಸಿಕೆ ಆಯ್ತು ಅಂತ ಬರೆದಿಟ್ಟುಕೊಂಡು ಮರಿಯನ್ನು ಬೀದಿಗೆ ಬಿಡುತ್ತಾರೆ.

ದಿನದ ಲೆಕ್ಕದಲ್ಲಿ ತಪ್ಪುವವರಂತೂ ಇನ್ನೂ ಜಾಸ್ತಿ. ತಾಯಿಯ ಮೊದಲ ಹಾಲಿನಿಂದ ಮರಿಗೆ ಬಂದ ಪ್ರತಿಕಾಯಗಳು ರೋಗವನ್ನೂ ತಡೆಯುತ್ತವೆ, ಲಸಿಕೆಯನ್ನೂ ತಡೆಯುತ್ತವೆ. ಅವು ಯಾವಾಗ ಇಳಿಯುತ್ತವೆ ಎಂದು ಮರಿಯ ಮುಖ ನೋಡಿ ಹೇಳಲಾಗುವುದಿಲ್ಲ. ಒಂದೇ ಸೂಲಿನ ಮರಿಗಳಲ್ಲೂ ಹೆಚ್ಚುಕಮ್ಮಿ ಇರುತ್ತದೆ. ಅದಕ್ಕೇ 6ರಿಂದ 8 ವಾರಕ್ಕೆ ಶುರು ಮಾಡಿ, 2ರಿಂದ 4 ವಾರಕ್ಕೊಮ್ಮೆ ಕೊಡುತ್ತಾ, ಕೊನೆಯದನ್ನು 16 ವಾರ ತುಂಬಿದ ಮೇಲೆ ಕೊಡಬೇಕು ಅನ್ನುವುದು. ಆ ಕೊನೆಯದೇ ಮುಖ್ಯ. ಆದರೆ ಕೌಂಟರಿನಲ್ಲಿ ಮೊದಲ ಸೀಸೆ ಕೇಳಿ ಬಂದಷ್ಟು ಜನ ಕೊನೆಯದಕ್ಕೆ ಬರುವುದಿಲ್ಲ. ವೈದ್ಯರ ಪುಸ್ತಕದಲ್ಲಿ ಬ್ಯಾಚ್ ಸ್ಟಿಕ್ಕರ್ ಅಂಟಿಸಿ ಮುಂದಿನ ತಾರೀಖು ಬರೆದರೆ ನಾವೇ ಫೋನ್ ಮಾಡಿ ನೆನಪಿಸಬಹುದು.

ಜ್ವರ, ಭೇದಿ ಇರುವ ಮರಿಗೆ ಲಸಿಕೆ ಮುಂದೂಡಬೇಕಾಗುತ್ತದೆ. ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಡುತ್ತಾರೆ, ಬಾಯಿ ತೆರೆದು ಅಂಗುಳ ನೋಡುತ್ತಾರೆ, ಹೊಕ್ಕುಳ ಮುಟ್ಟಿ ಹರ್ನಿಯಾ ಇದೆಯಾ ನೋಡುತ್ತಾರೆ. ಸುಮ್ನೆ ದುಡ್ಡಿಗೆ ಅಂತ ಅಂದುಕೊಳ್ಳಬೇಡಿ.

ಇನ್ನು ಆಮೇಲಿನದು. ಅಲರ್ಜಿ ಅಪರೂಪ. ಆದರೆ ಆಗುವ ಮರಿಗೆ ಮೂತಿ, ಕಣ್ಣುರೆಪ್ಪೆ ಊದಿಕೊಳ್ಳುತ್ತವೆ, ಮೈಮೇಲೆ ಗಂದೆ ಏಳುತ್ತವೆ, ವಾಂತಿಯಾಗುತ್ತದೆ. ತೀವ್ರವಾದರೆ ವಸಡು ಬಿಳಿಚಿ ಕುಸಿದು ಬೀಳುತ್ತದೆ. ಆಗ ಬೇಕಾಗುವುದು ಅಡ್ರಿನಲಿನ್ ಎಂಬ ಜೀವ ಉಳಿಸುವ ಚುಚ್ಚುಮದ್ದು, ಅದೂ ನಿಮಿಷಗಳಲ್ಲಿ. ಮನೆಯ ಔಷಧಿ ಡಬ್ಬಿಯಲ್ಲಿ ಅದು ಇರುವುದಿಲ್ಲ. ಮೂಗಿಗೆ ಬಿಡಬೇಕಾದ ಕೆನಲ್ ಕೆಮ್ಮಿನ (ನಾಯಿಯಿಂದ ನಾಯಿಗೆ ಹರಡುವ ಕೆಮ್ಮು) ಲಸಿಕೆಯನ್ನು ಚುಚ್ಚಿಬಿಟ್ಟರೆ ಬಾವು ಬರಬಹುದು, ಯಕೃತ್ತಿಗೇ ಪೆಟ್ಟಾಗಬಹುದು. ರೇಬೀಸ್ ಲಸಿಕೆಯಂತೂ ಎಷ್ಟೋ ಕಡೆ ವೈದ್ಯರು ಹಾಕಿ ಸಹಿ ಮಾಡಿದರಷ್ಟೇ ಲೆಕ್ಕಕ್ಕೆ. ಮನೆಯಲ್ಲಿ ನೀವೇ ಹಾಕಿದ್ದಕ್ಕೆ ಪ್ರಮಾಣಪತ್ರ ಸಿಗುವುದಿಲ್ಲ.

ಮನೆಯಲ್ಲೇ ಹಾಕುವವರ ಒಂದು ಮಾತು ಮಾತ್ರ ನೂರಕ್ಕೆ ನೂರು ಸರಿ. ಆಸ್ಪತ್ರೆಗೆ ಕಾಯಿಲೆ ನಾಯಿಗಳೂ ಬರುತ್ತವೆ, ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದಕ್ಕೇ ನಮ್ಮಲ್ಲಿ ಕಾಯಿಲೆ ನಾಯಿಗಳನ್ನು ನೋಡುವುದಿಲ್ಲ. ಒಂದು ಕೋಣೆ, ಒಮ್ಮೆಗೆ ಒಂದೇ ಮನೆಯ ಮರಿಗಳು, ಪ್ರತಿಸಲ ನೆಲಕ್ಕೂ ಮೇಜಿಗೂ ಬ್ಲೀಚ್. ಮರಿಯನ್ನು ಎತ್ತಿಕೊಂಡೇ ಬನ್ನಿ, ಕೆಳಗೆ ಬಿಡಬೇಡಿ. ತೂಕದ ತಕ್ಕಡಿ ಮೇಲೆ ಹಾಸಲು ನಿಮ್ಮದೇ ಟವಲ್ ತನ್ನಿ. ಮನೆಗೆ ಬರುವ ವೈದ್ಯರು ಲಸಿಕೆಯನ್ನು ತಂಪುಪೆಟ್ಟಿಗೆಯಲ್ಲಿ ತಂದು, ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಬೇಕು ಎಂಬ ಷರತ್ತು ಹಾಕಿದ್ದೇವೆ. ಅವರು ಅವಸರ ಮಾಡಿದರೆ ನಮಗೆ ಹೇಳಿ.

ಖರ್ಚು ಮೊದಲಿಗಿಂತ ಜಾಸ್ತಿಯೇ ಆಗುತ್ತದೆ, ಮುಚ್ಚಿಡುವುದೇನಿಲ್ಲ. ಒಂದು ಸೂಲಿನ ಮರಿಗಳನ್ನೆಲ್ಲ ಒಟ್ಟಿಗೆ ತೋರಿಸಿದರೆ ವೈದ್ಯರ ಶುಲ್ಕ ಒಂದೇ ಭೇಟಿಯದ್ದು. ಲಸಿಕೆಯ ಮೇಲೆ ಸಂಘ ಲಾಭ ಇಟ್ಟುಕೊಳ್ಳುವುದಿಲ್ಲ.

ಲಸಿಕೆಗೆ ಮುಂಗಡ ಕೊಟ್ಟವರಿಗೆ ಹಣ ಪೂರ್ತಿ ವಾಪಸ್, ರಸೀದಿ ತನ್ನಿ. ಅರ್ಧಕ್ಕೆ ನಿಂತ ಮರಿಗಳಿದ್ದರೆ ಹಳೆಯ ಸೀಸೆಯ ಸ್ಟಿಕ್ಕರ್, ತಾರೀಖು ಏನಿದೆಯೋ ಅದನ್ನು ಎಸೆಯದೆ ತನ್ನಿ. ಎಲ್ಲಿಂದ ಮುಂದುವರಿಸಬೇಕು ಎಂದು ವೈದ್ಯರು ಹೇಳುತ್ತಾರೆ. ಮನೆಯ ಫ್ರಿಜ್‌ನಲ್ಲಿ ಉಳಿದ ಸೀಸೆಗಳನ್ನು ಇನ್ನೊಬ್ಬರಿಗೆ ಕೊಡಬೇಡಿ. ಬಳಸಿದ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ, ಎರಡನ್ನೂ ತಿಂಗಳ ಕೊನೆಯೊಳಗೆ ಕೌಂಟರಿಗೆ ತಲುಪಿಸಿ. ವಿಲೇವಾರಿ ನಮ್ಮ ಜವಾಬ್ದಾರಿ.

ಇಂತಿ,
ನಿಮ್ಮ ಸಹಕಾರ ಸಂಘದ ಮಳಿಗೆಯವರು