ಹೊಣೆ ಹೊತ್ತವರು ಏನು ಕೊಟ್ಟರು?

ಮಾನ್ಯರೇ,

ಸಿಬ್ಬಂದಿಯನ್ನು ಮನೆಗೆ ಕಳಿಸುವಾಗ ಕಂಪನಿಯ ಮುಖ್ಯಸ್ಥರು ಬರೆಯುವ ಪತ್ರದಲ್ಲಿ ಒಂದು ಸಾಲು ಇದ್ದೇ ಇರುತ್ತದೆ: 'ಇದರ ಪೂರ್ಣ ಹೊಣೆ ನನ್ನದು.' ಅಂಥದೊಂದು ಸಾಲನ್ನು ಬರೆದುಕೊಟ್ಟವನು ನಾನು. ಇಪ್ಪತ್ತಾರು ವರ್ಷ ಸಿಬ್ಬಂದಿ ವಿಭಾಗದಲ್ಲಿ, ಈಗಿನವರು ಎಚ್‌ಆರ್ ಅನ್ನುತ್ತಾರಲ್ಲ ಅಲ್ಲಿ, ದುಡಿದು ನಿವೃತ್ತನಾಗಿದ್ದೇನೆ.

ನನ್ನ ಕರಡಿನಲ್ಲಿ 'ಬೇಡಿಕೆಯನ್ನು ತಪ್ಪಾಗಿ ಅಂದಾಜು ಮಾಡಿ ಬೇಕಾದ್ದಕ್ಕಿಂತ ಹೆಚ್ಚು ಜನರನ್ನು ಕೆಲಸಕ್ಕೆ ತೆಗೆದುಕೊಂಡೆ' ಎಂದಿತ್ತು. ಕಾನೂನು ಸಲಹೆಗಾರರು ಅದನ್ನು ಹೊಡೆದುಹಾಕಿ 'ಬದಲಾದ ಮಾರುಕಟ್ಟೆ ಪರಿಸ್ಥಿತಿ' ಎಂದು ತಿದ್ದಿದರು. ತಪ್ಪು ಹೋಯಿತು, ಹೊಣೆ ಉಳಿಯಿತು. ಮೂರು ದಿನ ಬಿಟ್ಟು ನಲವತ್ತೊಂದು ಮಂದಿಯನ್ನು ಒಬ್ಬೊಬ್ಬರಾಗಿ ಕರೆದು ಕಾಗದ ಕೊಟ್ಟವನೂ ನಾನೇ. ಮುಖ್ಯಸ್ಥರು ಅಂದು ಪ್ರವಾಸದಲ್ಲಿದ್ದರು. ಲೆಕ್ಕಪತ್ರ ವಿಭಾಗದ ಹಿರಿಯ ಮಹಿಳೆಯೊಬ್ಬರು ಕಾಗದವನ್ನು ಎರಡು ಸಲ ಓದಿ ಕೇಳಿದರು: 'ಹೊಣೆ ಅವರದಾದರೆ ಹೋಗುತ್ತಿರುವವಳು ನಾನೇಕೆ ಸಾರ್?' ಉತ್ತರ ಹೊಳೆಯಲಿಲ್ಲ. ಕುಡಿಯಲು ನೀರು ಕೊಟ್ಟೆ.

ಕನ್ನಡದಲ್ಲಿ ಹೊಣೆ ಎಂದರೆ ಜಾಮೀನು ಕೂಡ. ಸಾಲ ಪಡೆದವನು ಕೈಯೆತ್ತಿದರೆ ಹೊಣೆ ನಿಂತವನು ತನ್ನ ಗಂಟಿನಿಂದ ತೀರಿಸಬೇಕು. ಕಂಪನಿಗಳ ಹೊಣೆಯಲ್ಲಿ ಈ ಗಂಟಿನ ಮಾತು ಬರುವುದೇ ಅಪರೂಪ.

2022ರ ನವೆಂಬರ್‌ನಲ್ಲಿ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ 11,000ಕ್ಕೂ ಹೆಚ್ಚು ಜನರನ್ನು ತೆಗೆದರು. ಕೋವಿಡ್ ಕಾಲದಲ್ಲಿ ಏರಿದ ವ್ಯವಹಾರ ಮುಂದೆಯೂ ಹಾಗೆಯೇ ಉಳಿಯುತ್ತದೆಂದು ನಂಬಿ ಖರ್ಚು ಹೆಚ್ಚಿಸಿದ್ದು ತಮ್ಮ ತಪ್ಪೆಂದು ಬರೆದರು. (ನಮ್ಮ ಸಲಹೆಗಾರರಾಗಿದ್ದರೆ ಇಷ್ಟಕ್ಕೂ ಬಿಡುತ್ತಿರಲಿಲ್ಲ.) ಮುಂದಿನ ಜನವರಿಯಲ್ಲಿ 12,000 ಹುದ್ದೆ ಕಡಿತ ಪ್ರಕಟಿಸಿದ ಗೂಗಲ್‌ನ ಸುಂದರ್ ಪಿಚೈ ಪೂರ್ಣ ಹೊಣೆ ತಮ್ಮದೆಂದರು. ಕೆಲವೇ ತಿಂಗಳಲ್ಲಿ, ಅವರ 2022ರ ಸಂಭಾವನೆ ಸುಮಾರು 22.6 ಕೋಟಿ ಡಾಲರ್ ಎಂಬುದು ಹೊರಬಿತ್ತು. ಬಹುಪಾಲು ಮೂರು ವರ್ಷಕ್ಕೊಮ್ಮೆ ಕೊಡುವ ಷೇರು, ನಿಜ. ಕೆಲಸ ಕಳೆದುಕೊಂಡವರಿಗೆ ಆ ವಿವರಣೆಯಿಂದ ಏನಾಗಬೇಕು?

ವಿಡಿಯೊ ಕರೆಯ ಕಂಪನಿ ಜೂಮ್‌ನ ಮುಖ್ಯಸ್ಥ ಎರಿಕ್ ಯುವಾನ್ 2023ರ ಫೆಬ್ರುವರಿಯಲ್ಲಿ ಸುಮಾರು 1,300 ಜನರನ್ನು ತೆಗೆದಾಗ ಮುಂದಿನ ಸಾಲಿನ ತಮ್ಮ ಸಂಬಳವನ್ನು ಶೇ 98ರಷ್ಟು ಇಳಿಸಿಕೊಂಡರು, ಬೋನಸ್ಸೂ ಬೇಡವೆಂದರು. ಅಂಥವರ ಸಂಪತ್ತು ಇರುವುದು ಷೇರಿನಲ್ಲಿ, ಸಂಬಳ ಹೋದರೆ ಅವರ ಮನೆಯ ಒಲೆಯೇನೂ ಆರುವುದಿಲ್ಲ. ಆದರೂ ಅವರ ಪತ್ರದಲ್ಲಿ ಒಂದು ಅಂಕಿಯಿತ್ತು. ಜಪಾನಿನ ವಿಡಿಯೊ ಗೇಮ್ ಕಂಪನಿ ನಿಂಟೆಂಡೊದ ಮುಖ್ಯಸ್ಥರಾಗಿದ್ದ ಸತೋರು ಇವಾಟ ಇನ್ನೂ ಮುಂದೆ ಹೋದವರು. ಜನರನ್ನು ತೆಗೆದು ತಾತ್ಕಾಲಿಕವಾಗಿ ಲಾಭ ತೋರಿಸಿದರೆ ಉಳಿದವರ ಮನೋಬಲ ಕುಗ್ಗುತ್ತದೆಂದು 2013ರಲ್ಲಿ ಷೇರುದಾರರೆದುರು ಹೇಳಿದ್ದರು. ಮರುವರ್ಷ ಅವರ ಗೇಮ್ ಯಂತ್ರದ ಮಾರಾಟ ಕುಸಿದಾಗ ಐದು ತಿಂಗಳು ಅರ್ಧ ಸಂಬಳಕ್ಕೆ ದುಡಿದರು.

ನಮ್ಮಲ್ಲಿ ಉಳಿದವರ ಪಾಡು ನಾನು ಕಂಡಿದ್ದೇನೆ. ಆಮೇಲೆ ಒಂದು ವರ್ಷ, ರಜೆ ಅರ್ಜಿಗೆ ಸಹಿ ಹಾಕಿಸಲು ಕರೆದರೂ ಮುಖ ಬಿಳಿಚಿಕೊಂಡು ಬರುತ್ತಿದ್ದರು.

ಕಡಿತವೇ ಕೂಡದು ಎನ್ನುವವನಲ್ಲ ನಾನು. ಕೆಲವೊಮ್ಮೆ ಬೇರೆ ದಾರಿ ಇರುವುದಿಲ್ಲ. ನಿಮ್ಮ ವರದಿಗಾರರಲ್ಲಿ ಒಂದು ವಿನಂತಿಯಿದೆ. ಯಾರಾದರೂ 'ಪೂರ್ಣ ಹೊಣೆ' ಹೊತ್ತ ಸುದ್ದಿ ಬಂದಾಗ, ಅವರ ಯಾವ ತೀರ್ಮಾನ ತಪ್ಪಿತು, ಅದಕ್ಕಾಗಿ ಅವರು ಏನು ಬಿಟ್ಟುಕೊಟ್ಟರು ಎಂದು ಕೇಳಿ ಪಕ್ಕದಲ್ಲೇ ಹಾಕಿ. ಏನೂ ಇಲ್ಲವಾದರೆ 'ಏನೂ ಇಲ್ಲ' ಎಂದೇ ಅಚ್ಚಾಗಲಿ.

– ನಿವೃತ್ತ ಸಿಬ್ಬಂದಿ ಅಧಿಕಾರಿ